ಬಿಳಿ ಗೆರೆ ದಾಟಲಾರದ ಲೈಸೆನ್ಸು

ಗಡಿಯಾಚೆಯ ಲೈಸೆನ್ಸ್ ಕಚೇರಿಯ ಪರಸ್ಪರ ಮಾನ್ಯತೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನ್ಯೂ ಸೌತ್ ವೇಲ್ಸ್ ರಾಜ್ಯದ ಕೊನೆಯ ಬೀದಿಯ ದಕ್ಷಿಣ ಸಾಲಿನಿಂದ, ಹತ್ತನೇ ಕ್ಲಾಸಿಗೇ ಪುಸ್ತಕ ಮಡಚಿ ಸುತ್ತಿಗೆ ಹಿಡಿದ ಬಿಲ್ಡರ್ ಡಾರ್ಸಿ ಹೆನೆಸಿಯ ನಮಸ್ಕಾರಗಳು. ರಸ್ತೆಯಾಚೆಯ ಉತ್ತರ ಸಾಲು ತಮ್ಮ ರಾಜ್ಯವಾದ್ದರಿಂದ ಈ ನಮಸ್ಕಾರ ಅಲ್ಲಿ ಚಲಾವಣೆಯಾಗದಿದ್ದರೆ ದಯವಿಟ್ಟು ವಾಪಸ್ ಕಳಿಸಿ.

ನನ್ನ ಅಜ್ಜಿ ಬೆರಿಲ್ ಆ ಉತ್ತರ ಸಾಲಿನವರು. ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದರು. ಮನೆಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಆಗದಿದ್ದರೆ ನೇರವಾಗಿ ವೃದ್ಧಾಶ್ರಮಕ್ಕೆ ಕಳಿಸುತ್ತೇವೆ ಎಂದರು ಡಾಕ್ಟರು. ಒಂದು ರಾಜ್ಯದ ಲೈಸೆನ್ಸನ್ನು ಇನ್ನೊಂದು ರಾಜ್ಯ ಒಪ್ಪಬೇಕೆಂಬ ಕಾನೂನನ್ನು ನಂಬಿ, ನನ್ನ ರಾಜ್ಯದ ಬಿಲ್ಡರ್ ಲೈಸೆನ್ಸು ಹಿಡಿದು ನಾನು ತಮಗೆ ಅರ್ಜಿ ಹಾಕಿದೆ. ತಮ್ಮ ಕೌಂಟರಿನ ಮಹನೀಯರು ನನ್ನ ಬೂಟಿನಿಂದ ಟೋಪಿಯವರೆಗೆ ನೋಡಿ, "ನಿಮ್ ಕಡೆ ಮನೆ ನೆಲದ್ಮೇಲೆ ಕೂತಿರತ್ತೆ, ನಮ್ ಕಡೆ ಕಂಬದ್ಮೇಲೆ ನಿಂತಿರತ್ತೆ ಕಣಪ್ಪಾ. ಇಲ್ಲಿ ಕೆಲ್ಸ ಮಾಡಿರೋ ಅನುಭವ ತೋರ್ಸು, ಆಮೇಲ್ ಲೈಸೆನ್ಸು" ಎಂದರು. ಲೈಸೆನ್ಸಿಲ್ಲದೆ ಇಲ್ಲಿ ಕೆಲಸ ಮಾಡಿದರೆ ದಂಡವೆಂಬ ಬೋರ್ಡು ಅವರ ತಲೆಯ ಮೇಲೇ ನೇತಾಡುತ್ತಿತ್ತು. ಈಜು ಬಂದ ಮೇಲೆ ನೀರಿಗಿಳಿ ಎನ್ನುವ ಇಂಥ ಜಾಣರನ್ನು ಸಾಕಿದ ತಮಗೆ ಶರಣು.

ಎರಡೂ ಸಾಲಿಗೆ ಮರ ಮಾರುವ ಅಂಗಡಿ ಒಂದೇ. ಗೆದ್ದಲಂತೂ ಯಾರನ್ನೂ ಕೇಳದೆ ರಸ್ತೆ ದಾಟಿ ಎರಡೂ ಕಡೆ ಮರ ತಿನ್ನುತ್ತದೆ. ತಮ್ಮ ರಾಜ್ಯದ ಅನುಭವ ಅದಕ್ಕೆ ಸಾಕಷ್ಟಿರುವುದರಿಂದ ಬಿಲ್ಡರ್ ಲೈಸೆನ್ಸನ್ನು ಅದಕ್ಕೇ ಕೊಡಬೇಕೆಂದು ಕೋರುತ್ತೇನೆ. ಅದಾಗದಿದ್ದರೆ, ರಾಜ್ಯದ ಗಡಿಯನ್ನು ಅಜ್ಜಿ ಬದುಕಿರುವಷ್ಟು ಕಾಲ ಅವರ ಹಿತ್ತಲಿನಾಚೆಗೆ ಸರಿಸಿಕೊಡಿ. ಬೇಸಿಗೆಯಲ್ಲಿ ಗಡಿಯಾರವನ್ನೇ ನಮಗಿಂತ ಒಂದು ಗಂಟೆ ಹಿಂದಿಟ್ಟುಕೊಳ್ಳುವ ತಮಗೆ ಇದೇನು ಮಹಾ!

ಕೊನೆಗೆ ಇಳಿಜಾರನ್ನು ನನ್ನ ಅಂಗಳದಲ್ಲೇ ಕಟ್ಟಿ, ಗೆಳೆಯರೊಡನೆ ಹೆಗಲ ಮೇಲೆ ಹೊತ್ತು ರಸ್ತೆ ದಾಟಿಸಿದೆ. ಮನೆಗೆ ಮೊಳೆ ಹೊಡೆದರೆ ಅದು ಕಟ್ಟಡ ಕೆಲಸ, ಅಂಗಳದಲ್ಲಿ ಇಟ್ಟರೆ ಬರೀ ಸಾಮಾನು. ಹಾಗಾಗಿ ಹೊಸ್ತಿಲಿಗೆ ಒಂದು ಬೆರಳಿನಷ್ಟು ಸಂದು ಬಿಟ್ಟು ನಿಲ್ಲಿಸಿದೆ. ಆಸ್ಪತ್ರೆಯಿಂದ ಬಂದ ಅಜ್ಜಿ ಸಂದಿನೊಳಗೆ ಇಣುಕಿ, "ಇಷ್ಟು ಜಾಗದಲ್ಲಿ ಆ ಲೈಸೆನ್ಸ್ ಆಫೀಸ್ನೋರೆಲ್ಲ ಆರಾಮಾಗಿ ಹಿಡೀತಾರೆ ಬಿಡು. ತಳ್ಳೋ ಕತ್ತೆ, ಟೀ ಆರೋಗತ್ತೆ!" ಎಂದರು. ಕುರ್ಚಿ ದಡಕ್ಕೆಂದು ಒಳಹೋಯಿತು.

ರಸ್ತೆಯ ನಡುವಿನ ಬಿಳಿ ಗೆರೆಯವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಡಾರ್ಸಿ ಹೆನೆಸಿ

ಮರೆತ ಮಾತು: ತನಿಖೆಗೆ ಖಂಡಿತ ಬನ್ನಿ. ಇಳಿಜಾರಿನ ಮೇಲೆ ಕಾಲಿಡುವುದು ಅಕ್ರಮವೆನಿಸಿದರೆ ಪಕ್ಕದಲ್ಲೇ ಹಳೆಯ ಮರದ ಮೆಟ್ಟಿಲಿದೆ. ಮೇಲಿನ ಹಲಗೆ ಕೊಳೆತು ಹೋಗಿದೆ, ಆದರೆ ಅದನ್ನು ರಿಪೇರಿ ಮಾಡಲು ನನಗೆ ತಮ್ಮ ರಾಜ್ಯದಲ್ಲಿ ಲೈಸೆನ್ಸಿಲ್ಲ.