ಎರಡು ಶಾಲೆ, ಒಂದು ಚೆಂಡೆ

ತನ್ನ ಮಾವ ದುಗ್ಗಪ್ಪ ಗೌಡರ ಎದುರು ದೇರಣ್ಣ "ಇನ್‌ಸ್ಟ್ರುಮೆಂಟ್" ಎಂಬ ಶಬ್ದ ಆಡಬಾರದಿತ್ತು. ಯಂತ್ರ ಎನ್ನಬಹುದಿತ್ತು, ಮೀಟರು ಎನ್ನಬಹುದಿತ್ತು. ಏನೂ ಹೊಳೆಯದಿದ್ದರೆ ಬಾಯಿ ಮುಚ್ಚಿಕೊಂಡು ನೀರುದೋಸೆ ತಿನ್ನಬಹುದಿತ್ತು. ಆದರೆ ಬೆಂಗಳೂರಿಗೆ ಹೋಗಿ ವಿಮಾನ ಹಾರಿಸಲು ಕಲಿತು ಬಂದ ಹುಡುಗ, ನಾಲಿಗೆಗೆ ಇಂಗ್ಲಿಷ್ ತಾನಾಗಿ ಬರುತ್ತಿತ್ತು. ಬಂದದ್ದನ್ನು ಅನುಭವಿಸಿದ.

ಸಂಗತಿ ಇಷ್ಟು. ದೇರಣ್ಣನ ಲೈಸೆನ್ಸು ಆಕಾಶ ಶುಭ್ರವಾಗಿದ್ದಾಗ ಮಾತ್ರ ನಡೆಯುವಂಥದ್ದು. ಮೋಡದೊಳಗೆ ಹೊಕ್ಕ ಮೇಲೆ ಹೊರಗೆ ಏನೂ ಕಾಣದು. ಆಗ ಎದುರಿನ ಮುಳ್ಳುಗಳನ್ನು ನೋಡಿಕೊಂಡೇ ವಿಮಾನ ನಡೆಸಬೇಕು. ಅದಕ್ಕೆ ಬೇರೆ ತರಬೇತಿ, ಬೇರೆ ಪರೀಕ್ಷೆ. ಅದರ ಹೆಸರು ಇನ್‌ಸ್ಟ್ರುಮೆಂಟ್ ರೇಟಿಂಗ್. ಅದನ್ನು ಪಡೆದು ಬಂದರೆ ಕೆಲಸ ಕೊಡುತ್ತೇವೆ ಎಂದು ಕಲ್ಕತ್ತೆಯ ಒಂದು ವಿಮಾನ ಕಂಪೆನಿಯವರು ಹೇಳಿದ್ದರು. ಪಡೆಯದಿದ್ದರೆ, ದೇರಣ್ಣ ಕಲಿತದ್ದೆಲ್ಲ ಮದುವೆಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ಮಾತ್ರ.

ಅವನಿಗೋ ಹಾರುವುದೆಂದರೆ ಪ್ರಾಣ. ಮೊದಲ ಸಲ ಒಬ್ಬನೇ ಮೇಲೆ ಹೋದ ದಿನ ವಿಮಾನದೊಳಗೆ ಕೂತು ಅತ್ತುಬಿಟ್ಟಿದ್ದ. ಕೆಳಗಿಳಿದ ಮೇಲೆ ಕಣ್ಣಿಗೆ ಧೂಳು ಬಿತ್ತೆಂದು ಸುಳ್ಳು ಹೇಳಿದ್ದ.

ಖರ್ಚು ವಹಿಸುವವರು ಮಾವ. ಉಪ್ಪಿನಂಗಡಿಯಿಂದ ಕಡಬದ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗುವ ಒಂದು ಬಸ್ಸಿನ ಯಜಮಾನರು ಅವರು. ಕಡಬದ ಪೇಟೆಯಲ್ಲಿ, ಅಬ್ದುಲ್ಲನ ಹೋಟೆಲಿನಲ್ಲಿ, ಹತ್ತು ಜನರ ಎದುರು ಅವರು ಮೇಜು ಗುದ್ದಿ ಹೇಳಿಯಾಗಿತ್ತು: "ಇನ್‌ಸ್ಟ್ರುಮೆಂಟ್ ಕಲಿಸುದು ಅಂದ್ರೆ ಕಲಿಸುದೇ. ಗಡಿ ದಾಟಿಸಿಯಾದ್ರೂ ಕಲಿಸ್ತೇನೆ. ದುಗ್ಗಪ್ಪನಿಗೆ ಒಂದೇ ನಾಲಿಗೆ." ಅವರು ಆಡಿದ ಮಾತಿಗೆ ತಪ್ಪಿದವರಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈಗಲೂ ತಪ್ಪಲಿಲ್ಲ.

ಶಾಲೆ ಎರಡಿದ್ದವು. ಒಂದು ಇಂಗ್ಲೆಂಡಿನದು, ಇನ್ನೊಂದು ಅಮೆರಿಕದ್ದು. ಎರಡರಲ್ಲಿ ಯಾವುದೆಂದು ಮರುದಿನ ಬೆಳಿಗ್ಗೆ ಪುತ್ತೂರಿಗೆ ಹೋಗಿ ತಂತಿ ಕೊಡದಿದ್ದರೆ ಎರಡರ ಬಾಗಿಲೂ ಆ ವರ್ಷಕ್ಕೆ ಮುಚ್ಚುತ್ತಿತ್ತು. ಹಾಗಾಗಿ ಕೋಡಿಂಬಾಳದ ಮನೆಯಲ್ಲಿ ಬೆಳಗಿನ ದೋಸೆಯ ಜೊತೆಗೆ ವಿಚಾರಣೆ ಶುರುವಾಯಿತು.

"ಎರಡಕ್ಕೂ ವ್ಯತ್ಯಾಸ ಎಂತ?" ಎಂದರು ಗೌಡರು.

"ಇಂಗ್ಲೆಂಡಿನಲ್ಲಿ ವರ್ಷ ಇಡೀ ಮಂಜು ಮಾವ. ನಿಜವಾದ ಮೋಡದಲ್ಲೇ ಕಲಿಸ್ತಾರೆ. ಅಮೆರಿಕದ ಶಾಲೆ ಇರುವಲ್ಲಿ ಯಾವಾಗ್ಲೂ ಬಿಸಿಲು. ಹಾಗಾಗಿ ಕಲಿಯುವವನ ತಲೆಗೆ ಒಂದು ಮರೆ ಕಟ್ತಾರೆ, ಹೊರಗೆ ಕಾಣದ ಹಾಗೆ."

ಗೌಡರು ದೋಸೆ ಮಡಚುವುದನ್ನು ನಿಲ್ಲಿಸಿದರು. "ಮಂಜು ನೋಡ್ಲಿಕ್ಕೆ ಇಂಗ್ಲೆಂಡಿಗೆ ಹೋಗ್ಬೇಕಾ? ನಮ್ಮ ಬಿಸಿಲೆ ಘಾಟಿಯಲ್ಲಿ ಎಂತ, ಹೊಗೆಯಾ ಇರುದು?"

"ಅದು ಹಾಗಲ್ಲ ಮಾವ..."

"ಮತ್ತೆ ಬಿಸಿಲಲ್ಲಿ ಕೂತು ತಲೆಗೆ ಗೋಣಿ ಹಾಕಿಸಿಕೊಳ್ಳಿಕ್ಕೆ ಅಮೆರಿಕಕ್ಕೆ ಹೋಗುದಾ? ಪೂವಮ್ಮ, ನಮ್ಮ ಅಟ್ಟದಲ್ಲಿ ಗೋಣಿ ಎಷ್ಟುಂಟು?"

"ಬೇಕಾದಷ್ಟುಂಟು," ಎಂದರು ಒಳಗಿನಿಂದ ಅತ್ತೆ ಪೂವಮ್ಮ. "ಎರಡು ಮಾತ್ರ ಇಲಿ ತಿಂದದ್ದು."

ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಗೌಡರು ಎಂದೂ ಒಪ್ಪಿದವರಲ್ಲ. ಜ್ವರ ಬಂದರೂ ಅವರಿಗೆ ಹಿತ್ತಲ ಗಿಡವೇ ಆಗಬೇಕು. ಆದರೂ ಕೊಟ್ಟ ಮಾತು ಕೊಟ್ಟದ್ದೇ. ಅವರು ಕೈ ತೊಳೆದು, "ನಡಿ ಪೇಟೆಗೆ. ನಾಲ್ಕು ಜನರನ್ನು ಕೇಳುವ," ಎಂದು ಜೀಪು ಹತ್ತಿದರು.

ನಾಲ್ಕು ಜನ ಅಬ್ದುಲ್ಲನ ಹೋಟೆಲಿನಲ್ಲಿ ಯಾವಾಗಲೂ ಇರುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು. ಅಬ್ದುಲ್ಲನ ಅಣ್ಣ ಹಡಗಿನಲ್ಲಿ ಅಡುಗೆ ಮಾಡಿದವನು. ಆದುದರಿಂದ ಪರದೇಶದ ವಿಷಯದಲ್ಲಿ ಕಡಬಕ್ಕೆಲ್ಲ ಅಬ್ದುಲ್ಲನದೇ ಕೊನೆಯ ಮಾತು.

"ಇಂಗ್ಲೆಂಡ್ ಬೇಡ ಗೌಡ್ರೆ," ಎಂದ ಅಬ್ದುಲ್ಲ, ಚಹಾ ಎತ್ತಿ ಹೊಯ್ಯುತ್ತಾ. "ಅಲ್ಲಿ ಮೀನಿಗೆ ಮೆಣಸು ಹಾಕುದಿಲ್ಲ ಅಂತೆ. ಹುಡುಗ ಸೊರಗ್ತಾನೆ."

"ಹಾಗಾದ್ರೆ ಅಮೆರಿಕವಾ?"

"ಅಲ್ಲಿ ಹಾಕ್ತಾರಾ ಅಂತ ಅಣ್ಣ ನೋಡ್ಲಿಲ್ಲ."

ಮೂಲೆಯ ಬೆಂಚಿನಲ್ಲಿ ಜತ್ತಪ್ಪ ಕೂತಿದ್ದ. ಯಕ್ಷಗಾನದ ಆಟಗಳಿಗೆ ಚೆಂಡೆ ಬಾರಿಸುವವನು. ಸಂಜೆ ಎಲ್ಲಿಗೋ ಹೋಗುವವನಿದ್ದುದರಿಂದ ಚೆಂಡೆಯನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದ. ಅವನು ಬಹಳ ಹೊತ್ತಿನಿಂದ ಏನನ್ನೋ ಕೇಳಬೇಕೆಂದಿದ್ದ.

"ಅಲ್ಲ ದೇರಣ್ಣ, ನೀವು ಕಲಿಯುದು ಯಾವ ಇನ್‌ಸ್ಟ್ರುಮೆಂಟ್? ಹಾರ್ಮೋನಿಯಮ್ಮಾ, ಪಿಟೀಲಾ?"

ದೇರಣ್ಣನಿಗೆ ರೇಗಿತು. ಆದರೆ ಮಾವ ಎದುರಿದ್ದರು. ಅವನು ತಾಳ್ಮೆಯಿಂದಲೇ, ಅದು ಬಾರಿಸುವುದಲ್ಲ, ನೋಡುವುದು ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವನು ಇವತ್ತು ಎಲ್ಲೋ ಮೋಡದ ಮೇಲೆ ಇರುತ್ತಿದ್ದ. ಆದರೆ ಗೊತ್ತಿದ್ದವನಿಗೆ ಗೊತ್ತಿದ್ದುದನ್ನೆಲ್ಲ ಹೇಳುವ ಚಪಲ. "ಕೇಳುದೂ ಉಂಟು ಮಾರಾಯ್ರೆ. ಕಿವಿಗೆ ರೇಡಿಯೋ ಕಟ್ತಾರೆ. ದಾರಿಯಿಂದ ಎಡಕ್ಕೆ ಹೋದ್ರೆ ಒಂದು ನಮೂನೆ ಶಬ್ದ ಬರ್ತದೆ, ಬಲಕ್ಕೆ ಹೋದ್ರೆ ಇನ್ನೊಂದು ನಮೂನೆ. ಆ ಶಬ್ದ ಹಿಡಿದು ಕಣ್ಣು ಕಾಣದಿದ್ರೂ ಸರಿಯಾದ ಜಾಗಕ್ಕೆ ಬಂದು ಇಳಿಯುದು. ಎಂತದೂ ಕಾಣದೆ ಬಂದು ಮುಟ್ಟುದೇ ಆ ವಿದ್ಯೆ."

ಜತ್ತಪ್ಪ ನಿಧಾನವಾಗಿ ಎದ್ದು ನಿಂತ. "ಹಾಗಾದ್ರೆ ಬಾರಿಸುದೇ ಅಲ್ವಾ!" ಎಂದ.

ಗೌಡರು ಮೇಜು ಗುದ್ದಿದರು. ಅವರಿಗೆ ದಾರಿ ಕಂಡಿತ್ತು. "ಸರಿ. ಇಂಗ್ಲೆಂಡಾ, ಅಮೆರಿಕವಾ ಅಂತ ಈಗಲೇ ನೋಡುವ. ಇವನ ತಲೆಗೆ ಗೋಣಿ ಕಟ್ಟಿ. ಜತ್ತಪ್ಪ ಜೀಪಿನಲ್ಲಿ ಕೂತು ಬಾರಿಸ್ಲಿ. ಇಲ್ಲಿಂದ ನಮ್ಮ ಅಂಗಳಕ್ಕೆ ಬಂದು ಮುಟ್ಟಿದ್ರೆ ಗೋಣಿ ಇವನಿಗೆ ಒಗ್ಗಿತು ಅಂತ ಲೆಕ್ಕ, ಅಮೆರಿಕ. ಮುಟ್ಟದಿದ್ರೆ ಇಂಗ್ಲೆಂಡ್."

"ಮಾವ, ಜೀಪು ಬೇರೆ, ವಿಮಾನ ಬೇರೆ."

"ವಿಮಾನ ನನ್ನ ಹತ್ರ ಇಲ್ಲ. ಜೀಪು ಉಂಟು."

ದೇರಣ್ಣ ಯೋಚಿಸಿ ನೋಡಿದ. ಮುಟ್ಟಿದರೆ ಅಮೆರಿಕ, ಮುಟ್ಟದಿದ್ದರೆ ಇಂಗ್ಲೆಂಡ್. ಹೇಗಾದರೂ ತನಗೆ ನಷ್ಟವಿಲ್ಲ. ಬದುಕಿನಲ್ಲಿ ಇಂಥ ಒಳ್ಳೆಯ ಪರೀಕ್ಷೆ ಅವನು ಬರೆದದ್ದೇ ಇಲ್ಲ. ಕುತ್ತಿಗೆ ಚಾಚಿ ಕೊಟ್ಟ.

ಅಬ್ದುಲ್ಲ ಸಕ್ಕರೆಯ ಗೋಣಿ ತಂದು ಅವನ ತಲೆಗೆ ಇಳಿಸಿ, ಗಲ್ಲದ ಕೆಳಗೆ ತೆಂಗಿನ ಹಗ್ಗದಿಂದ ಗಂಟು ಹಾಕಿದ. ಅಬ್ದುಲ್ಲ ಹಾಕಿದ ಗಂಟನ್ನು ಅಬ್ದುಲ್ಲನೇ ಕತ್ತಿಯಿಂದ ಕೊಯ್ಯಬೇಕು, ಅದು ಹಡಗಿನ ಗಂಟು. ದೇರಣ್ಣ ಜೀಪಿನ ಸ್ಟಿಯರಿಂಗ್ ಹಿಡಿದ, ಜತ್ತಪ್ಪ ಚೆಂಡೆಯನ್ನು ಕೊರಳಿಗೆ ಹಾಕಿಕೊಂಡು ಪಕ್ಕದಲ್ಲಿ ಕೂತ. ಎದುರಿನ ಸರಳಿಗೆ ಒಂದು ಜಾಗಟೆ ತೂಗಹಾಕಿದರು. ಚೆಂಡೆಗೆ ಪೆಟ್ಟು ಬಿದ್ದರೆ ಎಡಕ್ಕೆ, ಜಾಗಟೆಗೆ ಬಿದ್ದರೆ ಬಲಕ್ಕೆ, ಎರಡೂ ಇಲ್ಲದಿದ್ದರೆ ನೇರ ಎಂದು ಒಪ್ಪಂದವಾಯಿತು. ಅಷ್ಟರಲ್ಲಿ ಗೌಡರ ಬಸ್ಸು ಉಪ್ಪಿನಂಗಡಿಯಿಂದ ಬಂತು. ಗೌಡರು, ಅಬ್ದುಲ್ಲ, ಹೋಟೆಲಿನವರು, ದಾರಿಯಲ್ಲಿದ್ದವರು, ಎಲ್ಲರೂ ಅದಕ್ಕೆ ಹತ್ತಿ ಹಿಂದಿನಿಂದ ಹೊರಟರು. ಸುಬ್ರಹ್ಮಣ್ಯಕ್ಕೆ ಹೋಗಬೇಕಾದವರೂ ಏನೂ ಗೊಣಗಲಿಲ್ಲ. ದೇವರು ಎಲ್ಲಿಗೂ ಓಡುವುದಿಲ್ಲ, ಇದು ಮಾತ್ರ ಇನ್ನೊಂದು ಸಲ ಸಿಗುವುದಿಲ್ಲ.

ಪೇಟೆ ದಾಟುವವರೆಗೆ ಎಲ್ಲ ಸರಿಯಾಗಿತ್ತು. ಜತ್ತಪ್ಪ ಅಳೆದು ತೂಗಿ ಬಾರಿಸುತ್ತಿದ್ದ. ಡುಂ ಎಂದರೆ ಸ್ವಲ್ಪ ಎಡಕ್ಕೆ, ಢಣ್ ಎಂದರೆ ಸ್ವಲ್ಪ ಬಲಕ್ಕೆ. ದೇರಣ್ಣನಿಗೆ ಗೋಣಿಯೊಳಗೆ ಸಕ್ಕರೆಯ ವಾಸನೆ, ಮೂಗಿನ ಮೇಲೆ ಒಂದು ಇರುವೆ. ಆದರೂ ಇದು ಆಗುವಂಥದ್ದು ಎಂದು ತೋರಿತು. ಅಮೆರಿಕದ ಬಿಸಿಲು ಈಗಲೇ ಬೆನ್ನಿಗೆ ತಾಗಿದಂತಾಯಿತು.

ಆದರೆ ಜತ್ತಪ್ಪ ಕಲಾವಿದ. ಚೆಂಡೆ ಹಿಡಿದು ಒಂದೊಂದೇ ಪೆಟ್ಟು ಹೊಡೆದು ಸುಮ್ಮನಿರುವುದೆಂದರೆ ಅವನಿಗೆ ಹೋಳಿಗೆಯ ಊಟದಲ್ಲಿ ಉಪ್ಪು ಮಾತ್ರ ನೆಕ್ಕಿ ಏಳುವ ಹಾಗೆ. ಗೋಳಿಮರದ ತಿರುವಿನಲ್ಲಿ ಎಡಕ್ಕೆ ಒಂದು ಪೆಟ್ಟು ಸಾಕಿತ್ತು. ಅವನು ಒಂದು ಹೊಡೆದ. ಹಿಂದಿನ ಬಸ್ಸಿನಿಂದ ಯಾರೋ "ಭೇಷ್ ಜತ್ತಪ್ಪ!" ಎಂದರು. ಅವನು ಇನ್ನೊಂದು ಹೊಡೆದ. ಆಮೇಲೆ ಅವನ ಕೈ ಅವನ ಮಾತು ಕೇಳಲಿಲ್ಲ. ರಾಕ್ಷಸ ರಂಗಕ್ಕೆ ಬರುವಾಗ ಬಾರಿಸುವುದನ್ನೆಲ್ಲ ಬಾರಿಸಲು ಶುರುಮಾಡಿದ.

ಎಡಕ್ಕೆ, ಎಡಕ್ಕೆ, ಎಡಕ್ಕೆ. ಜೀಪು ರಸ್ತೆ ಬಿಟ್ಟು, ಎದ್ದ ಧೂಳಿನ ಮರೆಯಲ್ಲಿ ಕೊಯ್ಲು ಮುಗಿದ ಗದ್ದೆಗೆ ಧುಮುಕಿತು. ಬಸ್ಸಿನವರಿಗೆ ಧೂಳು ಬಿಟ್ಟು ಬೇರೇನೂ ಕಾಣಲಿಲ್ಲ. ಅವರು ರಸ್ತೆಯಲ್ಲೇ ಮುಂದೆ ಹೋದರು.

"ಜತ್ತಪ್ಪಣ್ಣ! ನಿಲ್ಸಿ ಮಾರಾಯ್ರೆ, ನಿಲ್ಸಿ!" ಎಂದು ದೇರಣ್ಣ ಗೋಣಿಯೊಳಗಿಂದ ಕೂಗಿದ. ಜತ್ತಪ್ಪ ಕಣ್ಣು ಮುಚ್ಚಿದ್ದ. ಭಾವ ಬಂದಾಗ ಅವನು ಕಣ್ಣು ಮುಚ್ಚುವುದು ವಾಡಿಕೆ. ಈಗ ಜೀಪಿನಲ್ಲಿ ದಾರಿ ನೋಡುವವರು ಯಾರೂ ಇರಲಿಲ್ಲ.

ದೇರಣ್ಣ ಬ್ರೇಕು ತುಳಿದ. ಮಾವನ ಜೀಪಿನ ಬ್ರೇಕು ಮೂರು ಸಲ ತುಳಿದರೆ ನಾಲ್ಕನೆಯ ಸಲಕ್ಕೆ ಹಿಡಿಯುವ ಜಾತಿಯದು. ಮೊದಲ ತುಳಿತಕ್ಕೆ ಒಂದು ಬದು ಹಾರಿತು. ಎರಡನೆಯದಕ್ಕೆ ಇನ್ನೊಂದು. ಮೂರನೆಯದಕ್ಕೆ ಏನೋ ಮೆತ್ತಗಿನ ದೊಡ್ಡ ವಸ್ತುವಿನೊಳಗೆ ಹೊಕ್ಕು ಹೊರಬಂದ ಹಾಗಾಯಿತು. ನಾಲ್ಕನೆಯದಕ್ಕೆ ಜೀಪು ನಿಂತಿತು. ಜತ್ತಪ್ಪನೂ ಕೊನೆಯ ಪೆಟ್ಟು ಹೊಡೆದು, ಕಣ್ಣು ಬಿಟ್ಟು, "ಎಲ್ಲಿಗೆ ಮುಟ್ಟಿದೆವು?" ಎಂದ.

"ಅಯ್ಯೋ ದೇವರೇ, ನನ್ನ ಬೈಹುಲ್ಲಿನ ಮೆದೆ!" ಎಂದು ಅತ್ತೆಯ ಸ್ವರ ಕೇಳಿಸಿತು. ಆಗ ದೇರಣ್ಣನಿಗೂ ಗೊತ್ತಾಯಿತು, ಮುಟ್ಟಿದ್ದು ಮಾವನ ಅಂಗಳಕ್ಕೆ.

ಸ್ವಲ್ಪ ಹೊತ್ತಿನ ಮೇಲೆ ಬಸ್ಸು ಬಂತು. ಅಂಗಳದ ನಡುವೆ ಜೀಪು, ಅದರ ಮೇಲೆ ಹುಲ್ಲು, ಹುಲ್ಲಿನೊಳಗೆ ಗೋಣಿ ಹಾಕಿದ ದೇರಣ್ಣ. ಬಸ್ಸಿನವರು ಬಾಯಿ ಬಿಟ್ಟು ನಿಂತರು.

"ನಮಗಿಂತ ಮುಂಚೆ ಬಂದನಾ!" ಎಂದರು ಗೌಡರು.

"ರಸ್ತೆಯಿಂದ ಅಲ್ಲ, ಗದ್ದೆಯಿಂದ ಬಂದದ್ದು ನಿಮ್ಮ ಅಳಿಯ!" ಎಂದು ಪೂವಮ್ಮ ಸಿಟ್ಟಿನಿಂದ ಹೇಳಿದರು. ಅವರು ಹೇಳಿದ್ದು ದೂರು. ಗೌಡರಿಗೆ ಕೇಳಿಸಿದ್ದು ಹೊಗಳಿಕೆ.

"ಗದ್ದೆಯಲ್ಲಿ ಅಡ್ಡ ಹಾಯ್ದು ಬಂದ! ಕಣ್ಣಿದ್ದವನಿಗೆ ಆಗುವ ಕೆಲಸವಾ ಇದು? ನನ್ನ ಬಸ್ಸಿನ ಡ್ರೈವರಿಗೆ ಹಗಲಲ್ಲಿ ರಸ್ತೆ ಕಾಣುದಿಲ್ಲ!"

ಅಬ್ದುಲ್ಲ ಗಂಟು ಕೊಯ್ದ. ದೇರಣ್ಣನ ಕೂದಲಲ್ಲಿ ಸಕ್ಕರೆ, ಹುಲ್ಲು, ಇರುವೆ ಎಲ್ಲ ಇದ್ದವು. ಆದರೆ ಮುಖ ಬೆಳಗುತ್ತಿತ್ತು. "ಹಾಗಾದ್ರೆ ಮಾವ, ಅಮೆರಿಕ ಅಂತ ನಾಳೆ ತಂತಿ ಕೊಡುದಲ್ವಾ?"

ಗೌಡರು ಅವನ ಹೆಗಲ ಮೇಲೆ ಕೈ ಇಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. "ಎಂತಕ್ಕೆ ಮಗಾ? ನೀನು ಕಲ್ತಾಗಿದೆಯಲ್ಲ."

ದೇರಣ್ಣ ಜೀಪಿನಿಂದ ಹಾರಿ ಇಳಿದ. "ಇಲ್ಲ ಮಾವ! ಸತ್ಯವಾಗಿಯೂ ನನಗೆ ಎಂತದೂ ಬರುದಿಲ್ಲ! ಎಲ್ಲಿ ಹೋಗ್ತಾ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ. ಎಂತದೂ ಕಾಣ್ಲಿಲ್ಲ. ದೇವರ ದಯೆಯಿಂದ ಇಲ್ಲಿಗೆ ಬಂದದ್ದು!"

"ಅದನ್ನೇ ಅಲ್ವಾ ನೀನು ಹೋಟೆಲಿನಲ್ಲಿ ಹೇಳಿದ್ದು?" ಎಂದರು ಗೌಡರು. "ಎಂತದೂ ಕಾಣದೆ ಬಂದು ಮುಟ್ಟುದೇ ಆ ವಿದ್ಯೆ ಅಂತ. ಇನ್ನು ಕಲಿಯಲಿಕ್ಕೆ ಎಂತ ಬಾಕಿ?"

ಹೋಟೆಲಿನವರೆಲ್ಲ ಹೌದು ಹೌದೆಂದರು. ಅಬ್ದುಲ್ಲನಂತೂ, ದೇರಣ್ಣ ಹೇಳಿದ್ದನ್ನು ಅಕ್ಷರ ಅಕ್ಷರ ತಿರುಗಿ ಹೇಳಿ ತೋರಿಸಿದ.

ಮಳೆಗಾಲ ಬಂದ ಕೂಡಲೇ ದೇರಣ್ಣ ಬಸ್ಸಿನ ಡ್ರೈವರ್ ಆಗುವುದೆಂದು ಅಲ್ಲೇ ತೀರ್ಮಾನವಾಯಿತು. ಸುಬ್ರಹ್ಮಣ್ಯದ ದಾರಿಯ ಮಂಜಿಗೆ ಹೆದರಿ ಡ್ರೈವರುಗಳು ಓಡಿಹೋಗುತ್ತಿದ್ದರು, ಗೌಡರಿಗೆ ಅದೊಂದು ಚಿಂತೆ ಕಳೆಯಿತು. ಬಸ್ಸಿನ ಒಡೆದ ಹೆಡ್‌ಲೈಟನ್ನು ಇನ್ನು ರಿಪೇರಿ ಮಾಡಿಸುವ ಅಗತ್ಯವಿಲ್ಲ ಎಂದೂ ಅವರು ಹೇಳಿದರು.

"ಆದ್ರೆ ಗೌಡ್ರೆ, ನಿಮ್ಮ ಮಾತು?" ಎಂದ ಅಬ್ದುಲ್ಲ. "ಗಡಿ ದಾಟಿಸಿ ಇನ್‌ಸ್ಟ್ರುಮೆಂಟ್ ಕಲಿಸ್ತೇನೆ ಅಂತ ನನ್ನ ಮೇಜು ಗುದ್ದಿ ಹೇಳಿದ್ದು ನೀವು."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದಂತಾಯಿತು. ದೇರಣ್ಣ ಅಬ್ದುಲ್ಲನ ಕೈ ಹಿಡಿದುಕೊಂಡ.

ಗೌಡರು ಗಂಭೀರರಾದರು. "ಮಾತು ತಪ್ಪುವವ ನಾನಲ್ಲ. ಇನ್‌ಸ್ಟ್ರುಮೆಂಟ್ ಸರಿ ಕಲಿಯದವ ಈ ಜೀಪಿನಲ್ಲಿ ಒಬ್ಬನಿದ್ದ," ಎಂದು ಜತ್ತಪ್ಪನ ಕಡೆ ಬೆರಳು ತೋರಿಸಿದರು. "ಒಂದು ಪೆಟ್ಟು ಹೊಡೆ ಅಂದ್ರೆ ನೂರು ಹೊಡೆದ. ತರಬೇತಿ ಬೇಕಾದದ್ದು ಇವನಿಗೆ."

ಮರುದಿನ ಬೆಳಿಗ್ಗೆ ತಂತಿ ಕೊಡಲು ಹೊರಡಬೇಕಿದ್ದ ಜೀಪು, ಜತ್ತಪ್ಪನನ್ನು ಕೂರಿಸಿಕೊಂಡು ಹೊರಟಿತು. ಈಶ್ವರಮಂಗಲದ ಆಚೆ, ಗಡಿ ದಾಟಿದ ಕೂಡಲೇ, ಚೆಂಡೆ ಕಲಿಸುವ ದೊಡ್ಡ ಗುರುಗಳೊಬ್ಬರಿದ್ದರು. ಮೊದಲು ಅದೂ ನಮ್ಮದೇ ಜಿಲ್ಲೆ. ರಾಜ್ಯಗಳನ್ನು ವಿಂಗಡಿಸಿದ ಮೇಲೆ ಅದು ಕೇರಳ. ಗಡಿ ಎಂದರೆ ಗಡಿಯೇ. ಜೀಪು ನಡೆಸುವವನು ದೇರಣ್ಣ, ಈ ಸಲ ಕಣ್ಣು ಬಿಟ್ಟುಕೊಂಡು.

ಪುತ್ತೂರಿನ ತಂತಿ ಕಚೇರಿ ಎದುರಾದಾಗ ಅವನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಒಂದು ಸಲ ತುಳಿದ, ಎರಡು ಸಲ ತುಳಿದ, ಮೂರು ಸಲ ತುಳಿದ. ನಾಲ್ಕನೆಯದಕ್ಕೆ ಮೊದಲೇ ಕಚೇರಿ ಹಿಂದಕ್ಕೆ ಹೋಯಿತು. ದೇರಣ್ಣನ ಕಣ್ಣಲ್ಲಿ ನೀರು ಬಂತು. ಜತ್ತಪ್ಪ ಕೇಳಿದ್ದಕ್ಕೆ ಧೂಳು ಎಂದ.

ಗಡಿಯ ಕಲ್ಲಿನ ಹತ್ತಿರ ಜತ್ತಪ್ಪ ಇಳಿದ. ಗೌಡರು ಹಾಕಿ ಕಳಿಸಿದ್ದ ಸೇವಂತಿಗೆಯ ಹಾರ ಕೊರಳಲ್ಲಿತ್ತು, ಅದರ ಮೇಲೆ ಚೆಂಡೆ. ಅವನು ನಾಲ್ಕು ಹೆಜ್ಜೆ ಆಚೆಗೆ ಹೋಗಿ, ಏನೋ ನೆನಪಾದವನಂತೆ ತಿರುಗಿ ನಿಂತ.

"ದೇರಣ್ಣ, ಬರುವಾಗ ನಿಮಗೆ ಹೊರಗಿನಿಂದ ಎಂತಾದ್ರೂ ತರ್ಬೇಕಾ?"

ದೇರಣ್ಣ ಜೀಪು ತಿರುಗಿಸಿಕೊಂಡು ಹೊರಟ. ಪಾಪ, ಹುಡುಗನಿಗೆ ಬೇಸರವಾಗಿದೆ ಎಂದು ಜತ್ತಪ್ಪನಿಗೆ ಅನಿಸಿತು. ಪ್ರೀತಿಯಿಂದ, ಬೀಳ್ಕೊಡುವ ಹಾಗೆ, ಚೆಂಡೆಗೆ ಒಂದು ಪೆಟ್ಟು ಹೊಡೆದ.

ದೇರಣ್ಣನ ಕೈ ತಾನಾಗಿ ಎಡಕ್ಕೆ ತಿರುಗಿತು. ಎಡಗಡೆ ನೀರಿನ ತೋಡು ಇತ್ತು.