ಕಂಡಕ್ಟರನ ಕೆಳಗಿನ ಟ್ಯಾಂಕು

"ದೊಡ್ಡಪ್ಪನ ಟ್ಯಾಂಕಲ್ಲಿ ನೀರು ಕಾಣಿಸೋದೇ ಇಲ್ಲಪ್ಪ. ಮೀನು ಗಾಳೀಲಿ ಹಾರಾಡ್ತವೆ" ಎಂದಳು ಮಗಳು, ಹೋದ ವಾರ, ಊಟದ ನಡುವೆ. ಅಷ್ಟೇ ಮಾತು. ಕಂಡಕ್ಟರನ ಗಂಟಲಲ್ಲಿ ತುತ್ತು, ಸ್ಟಾಪಿಲ್ಲದ ಕಡೆ ಕೆಟ್ಟು ನಿಂತ ಬಸ್ಸಿನ ಹಾಗೆ ನಿಂತುಬಿಟ್ಟಿತು.

ಅವನ ಮನೆಯಲ್ಲೂ ಟ್ಯಾಂಕಿತ್ತು, ಮೂರು ಮೀನಿದ್ದವು. ಆದರೆ ನೀರು ನಿನ್ನೆಯ ಚಹಾ. ಪಂಪು, ಪೈಪು, ಹೀಟರು, ಸ್ಪಂಜು ಎಲ್ಲ ಒಳಗೇ ತುಂಬಿಕೊಂಡು, ಮೀನುಗಳು ಸಂಜೆ ಬಸ್ಸಿನ ಪ್ರಯಾಣಿಕರಂತೆ ಸಂದಿಯಲ್ಲಿ ಮುಖ ತೂರಿಸಿ ಉಸಿರಾಡುತ್ತಿದ್ದವು. ಕೆಳಮನೆಯ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಉಪಾಯವಂತ. ಅವನ ಟ್ಯಾಂಕಿನ ಕೆಳಗೆ, ಕಪಾಟಿನೊಳಗೆ, ಇನ್ನೊಂದು ಟ್ಯಾಂಕು. ಅದಕ್ಕೆ ಸಂಪು ಅಂತ ಹೆಸರು. ಮೇಲಿನ ಕೊಳೆಯೆಲ್ಲ ಅಲ್ಲಿಗಿಳಿಯುತ್ತದೆ. ಅದು ಸೋಸಿ ತಿಳಿನೀರನ್ನು ಮೇಲಕ್ಕೆ ಕಳಿಸುತ್ತದೆ. ಮೇಲಿನವರು ಮಿನುಗಬೇಕಾದರೆ ಕೆಳಗೊಬ್ಬ ಕತ್ತಲಲ್ಲಿ ಕೂತು ಕೊಳೆ ತಿನ್ನಬೇಕು ಎಂಬ ಏರ್ಪಾಟನ್ನು ಮನುಷ್ಯರು ಎಂದೋ ಮಾಡಿಕೊಂಡಿದ್ದರು. ಈಗ ಮೀನಿಗೂ ದಯಪಾಲಿಸಿದ್ದರು. ಬಂದವರೆಲ್ಲ ಮೇಲಿನದನ್ನು ನೋಡಿ ಬಾಯಿ ತೆರೆಯುತ್ತಿದ್ದರು. ಕಪಾಟಿನ ಬಾಗಿಲನ್ನು ಯಾರೂ ತೆರೆಯುತ್ತಿರಲಿಲ್ಲ.

ಮೀನು ಬೇಕಾದರೆ ವಿಮಾನವನ್ನೇ ಓಡಿಸಲಿ. ಆದರೆ ಶಾಲೆಯಿಂದ ಬಂದ ಮಗಳು ಚೀಲ ಎಸೆದು ನೇರ ಕೆಳಮನೆಗಿಳಿದರೆ, ಹತ್ತಿ ಬರುವಾಗ ಕಣ್ಣತುಂಬ ನಿದ್ದೆ. ದಿನವಿಡೀ ಊರವರಿಗೆ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗಿ ಬಂದವನಿಗೆ "ಅಪ್ಪಾ, ಬಾ ಇಲ್ಲಿ" ಎನ್ನುವ ಒಂದು ದನಿ ಬೇಕಿತ್ತು. ಅದನ್ನು ಕೆಳಮನೆಯವನು ಹೊಡೆದುಕೊಂಡಿದ್ದ.

"ನಾನೂ ಸಂಪು ಹಾಕ್ತೀನಿ. ಆಮೇಲೆ ನೋಡೋಣ, ಯಾರ ಮಗಳು ಯಾರ ಮನೇಲಿರ್ತಾಳೆ ಅಂತ" ಎಂದು ಅವನು ಮೆಟ್ಟಿಲ ಮೇಲೆ ನಿಂತು, ಕೆಳಗೆ ಕೇಳುವ ಹಾಗೆ ಸಾರಿದ.

"ನಲ್ಲೀಲಿ ನಮಗೇ ನೀರು ಬರಲ್ಲ, ಮೀನಿಗೆ ಸಂಪಂತೆ" ಎಂದಳು ಹೆಂಡತಿ.

ವಾರದ ರಜೆ ಸಿಕ್ಕ ಬೆಳಿಗ್ಗೆಯೇ ಅವನು ಹಳೇ ಸಾಮಾನಿನ ಅಂಗಡಿಯಲ್ಲಿದ್ದ.

"ಗೀಚು ನೋಡ್ಬೇಡಿ ಸಾರ್," ಎಂದ ಅಂಗಡಿಯವನು, "ಕತ್ತಲಲ್ಲಿ ಕೂರೋದಕ್ಕೆ ಚಂದ ಯಾಕೆ? ಮೂಲೆ ನೋಡಿ, ಅಂಟು ನೋಡಿ."

ಹೊಳೆಯುತ್ತಿದ್ದ ಟ್ಯಾಂಕಿನ ಮೂಲೆ ಮುರಿದ ಹಲ್ಲಿನಂತೆ ಚಕ್ಕೆ ಎದ್ದಿತ್ತು. ಎರಡನೆಯದರ ಅಂಟು ಉಗುರು ತಾಗಿಸಿದರೆ ಸಿಪ್ಪೆಯಂತೆ ಬಂತು. ಮೂರನೆಯದು ಮೈಯೆಲ್ಲ ಸುಣ್ಣಗಟ್ಟಿ, ತಳದಲ್ಲಿ ಒಣಗಿದ ಬಸವನಹುಳು ಕಚ್ಚಿಕೊಂಡು, ಥೇಟ್ ಡಿಪೋ ಮೂಲೆಯ ಗುಜರಿ ಬಸ್ಸು. ಆದರೆ ಅಂಟು ಗಟ್ಟಿ. ಅದನ್ನೇ ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ತಂದ.

ಹಿತ್ತಲ ನಲ್ಲಿಯ ಹತ್ತಿರ ವಿನೆಗರ್ ಸುರಿದು, ಹಳೇ ಬ್ಲೇಡಿನಿಂದ ಸುಣ್ಣ ಕೆರೆಯತೊಡಗಿದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಬಗ್ಗಿದರು.

"ಸೋಪಿನ ಪುಡಿ ಹಾಕ್ರೀ."

"ಸೋಪು ತಾಗಿದ್ರೆ ಮೀನು ಸಾಯ್ತವೆ ಮೇಷ್ಟ್ರೇ."

"ನಾವೆಲ್ಲ ದಿನಾ ಸೋಪು ಹಾಕ್ಕೊಂಡು ಬದುಕಿಲ್ವೇನ್ರೀ?"

ಅವನು ಇನ್ನೊಂದು ಬ್ಲೇಡು ತರಲು ಹೋಗಿ ಬರುವಷ್ಟರಲ್ಲಿ ಪರೋಪಕಾರ ನಡೆದುಹೋಗಿತ್ತು. ಟ್ಯಾಂಕು ಹುಚ್ಚು ಹಿಡಿದಂತೆ ನೊರೆ ಕಾರುತ್ತಿತ್ತು. ಮೇಷ್ಟ್ರು ಕೈ ಕೊಡವುತ್ತ "ಥ್ಯಾಂಕ್ಸ್ ಎಲ್ಲ ಬೇಡ" ಎಂದರು.

ತೊಳೆದ, ಮೂಸಿದ, ಮತ್ತೆ ತೊಳೆದ. ಆಗ ಷಡ್ಡಕ ಬಂದ.

"ಏನಪ್ಪ, ಸೋರಲ್ಲ ತಾನೇ?"

"ಯಾಕೆ ಸೋರತ್ತೆ ಭಾವ?"

"ಸಂಜೆಗೆಲ್ಲ ಮುಗಿಯತ್ತಾ? ಮೇಲೆ ಎಷ್ಟು ಮೀನು ಹಿಡಿಸ್ಬಹುದು?"

ಭಾವನ ಮುಂಗೈಯೆಲ್ಲ ಕೆಂಪು ಗೀರು. ಪ್ಯಾಂಟಿನ ಅಂಚು ಎಳೆ ಎಳೆಯಾಗಿ ಜೋತಿತ್ತು. ಕಂಡಕ್ಟರನಿಗೆ ತಣ್ಣೀರು ಕುಡಿದಷ್ಟು ಹಿತವಾಯಿತು. ಹೊಟ್ಟೆಕಿಚ್ಚಿಗೆ ಪಾಪ, ಮೈ ಪರಚಿಕೊಂಡಿದ್ದಾನೆ.

ಟ್ಯಾಂಕನ್ನು ಹಳೇ ಪೇಪರಿನ ಮೇಲಿಟ್ಟು ನೀರು ತುಂಬಿ ಕಾದ. ಪೇಪರು ಒಣಗೇ ಇತ್ತು. ಭಾವ ಮತ್ತೆರಡು ಸಲ ಬಂದು ಪೇಪರು ಮುಟ್ಟಿ ಮುಟ್ಟಿ ನೋಡಿದ. ಟ್ಯಾಂಕು ಹತ್ತಿಸಲು ಹೆಗಲೂ ಕೊಟ್ಟ. ಮೇಲೆ ಹೋದರೆ ಅದು ಮೀನಿನ ಟ್ಯಾಂಕಿನ ಕೆಳಗಿನ ಕಪಾಟಿನೊಳಗೆ ಹೋಗದು. ಒಳಗಿನ ಅಳತೆ ತೆಗೆದಿದ್ದ ಕಂಡಕ್ಟರ್ ಬಾಗಿಲಿನದನ್ನು ಮರೆತಿದ್ದ.

"ಬಸ್ಸಲ್ಲಿ ಎಲ್ಲರನ್ನೂ ಒಳಗೆ ನೂಕ್ತೀರಲ್ಲ, ಇದನ್ನೂ ನೂಕಿ" ಎಂದಳು ಹೆಂಡತಿ.

ಸ್ಕ್ರೂಡ್ರೈವರ್ ತಂದು ಬಾಗಿಲು, ಚೌಕಟ್ಟು ಬಿಚ್ಚಿಕೊಟ್ಟವನೂ ಭಾವನೇ. ಶತ್ರು ಇಷ್ಟು ಬೆವರು ಸುರಿಸಿ ಸೋಲುವುದನ್ನು ಕಂಡಕ್ಟರ್ ಎಲ್ಲೂ ನೋಡಿರಲಿಲ್ಲ.

ಪಂಪು ಪೈಪುಗಳೆಲ್ಲ ಕೆಳಗಿಳಿದವು. ಮೇಲೆ ಹೊಸ ನೀರು ಬಂತು. ಮಗಳು ಶಾಲೆಯಿಂದ ಬಂದವಳು ಚೀಲ ಎಸೆದಳು, ತಿರುಗಿದಳು, ನಿಂತಳು.

"ಅಪ್ಪಾ, ಬಾ ಇಲ್ಲಿ. ನಮ್ಮ ಮೀನೂ ಹಾರ್ತಿವೆ."

ಅವನು ಅವಳ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಇನ್ನೇನು ಹೆಗಲ ಮೇಲೆ ಕೈ ಹಾಕಬೇಕು, ಬಾಗಿಲು ತಟ್ಟಿದ ಸದ್ದು. ಭಾವ. ಕೈಯಲ್ಲಿ ಬಕೆಟ್ಟು, ಬಕೆಟ್ಟಿನ ತುಂಬ ಅವನ ಮೀನು.

"ತಗೋ. ಇನ್ಮೇಲೆ ಇವೂ ನಿನ್ನವೇ."

"ಎಲ್ಲಾನೂ ಕೊಟ್ಟುಬಿಟ್ರಾ ಭಾವ?" ಕಂಡಕ್ಟರನ ಎದೆ ಎರಡಂಗುಲ ಉಬ್ಬಿತು.

"ಇನ್ನೇನು ಮಾಡ್ಲಿ? ಅವತ್ತು ಮೆಟ್ಟಿಲ ಮೇಲೆ ಸಾರಿದೆಯಲ್ಲ, ಅವತ್ತಿಂದ ನಿಮ್ಮತ್ತಿಗೆಗೆ ಊಟ ಸೇರ್ಲಿಲ್ಲ. ಮನೇಲಿ ಇರೋದು ನಾವಿಬ್ರೇ. ಇನ್ನು ಮಗು ಕೆಳಗೆ ಬರಲ್ಲ ಅಂತ ಒಂದೇ ಸಮ ಗೋಳು. ಅದಕ್ಕೇ ನಿನ್ನೆ ಬೆಕ್ಕಿನ ಮರಿ ತಂದುಬಿಟ್ಟೆ. ಅದೋ, ಟ್ಯಾಂಕಿನ ಮೇಲೆ ಹತ್ತಿ ಕೂತು ಕೈ ಅದ್ದತ್ತೆ. ಇಳಿಸೋಕೆ ಹೋದ್ರೆ ನೋಡು ಹೇಗೆ ಪರಚಿದೆ. ನೀನು ಬೇಗ ಟ್ಯಾಂಕು ತೊಳೆದು ಮುಗಿಸಿದ್ದೇ ನಮ್ಮ ಪುಣ್ಯ."

"ಬೆಕ್ಕಿನ ಮರೀನಾ ದೊಡ್ಡಪ್ಪ?"

ಉತ್ತರಕ್ಕೆ ಕಾಯುವವರು ಯಾರು? ಮೆಟ್ಟಿಲ ಮೇಲೆ ದಡದಡ ಸದ್ದು ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ನಗು ಮೇಲೆ ಬಂತು.

ಕಂಡಕ್ಟರ್ ಬಕೆಟ್ಟಿನ ಮೀನುಗಳನ್ನು ಒಂದೊಂದಾಗಿ ಟ್ಯಾಂಕಿಗೆ ಬಿಟ್ಟ. ಅವು ಗಾಳಿಯಲ್ಲಿ ತೇಲಿದವು, ಮಿನುಗಿದವು. ಬಾಗಿಲಿಲ್ಲದ ಕಪಾಟಿನೊಳಗೆ ಸಂಪು ಗುಳುಗುಳು ಎನ್ನುತ್ತ ಮೊದಲ ಕೊಳೆ ನುಂಗಿತು. ಅದರ ಎದುರಿಗೆ, ವಿನೆಗರ್ ವಾಸನೆಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವನೂ ಕೂತ.

ಬಹಳ ಹೊತ್ತಾದ ಮೇಲೆ ಅಡಿಗೆಮನೆಯ ಕಡೆ ತಿರುಗಿದ.

"ಲೇ, ನಿಮ್ಮ ಭಾವ ಆ ಮರಿ ತಂದರಲ್ಲ, ಅಲ್ಲಿ ಇನ್ನೊಂದು ಇತ್ತಂತಾ, ಕೇಳು."