ಅಕ್ಕನ ಕೇಪಳಕ್ಕೆ ನಾನು ಶಾಯಿ ಹಾಕಿದ್ದು

ಚಿತ್ರಕಲೆಯಲ್ಲಿ ನನಗೆ ಗೊತ್ತಿಲ್ಲದ್ದು ಹೆಚ್ಚೇನೂ ಇಲ್ಲ ಎಂಬ ನಂಬಿಕೆಯಲ್ಲೇ ನಾನು ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದವನು. ಕಂಪ್ಯೂಟರ್ ಒಂದು ಬಾಕಿ ಇತ್ತು. ಅದನ್ನೂ ಸುಳ್ಯದಲ್ಲಿ ಸಂಜೆ ತರಗತಿಗೆ ಹೋಗಿ ಕಲಿತೆ. ಆಮೇಲೆ ಕೇಳಬೇಕೇ! ಕೈಯ ಚಿತ್ರವನ್ನೂ ಯಂತ್ರದ ಮುದ್ರಣವನ್ನೂ ಒಂದುಗೂಡಿಸಿ ಲೋಕಕ್ಕೆ ತೋರಿಸುವ ಗುರುತರ ಹೊಣೆ ನನ್ನದೇ ಎಂದು ತೀರ್ಮಾನಿಸಿಬಿಟ್ಟೆ.

ಚಿತ್ರಗಳಿಗೆ ದೂರ ಹೋಗಬೇಕಿರಲಿಲ್ಲ. ಅಕ್ಕ ವಿಶಾಲಾಕ್ಷಿ ಜಾಲ್ಸೂರು ಕಡೆ ವಿಜ್ಞಾನ ಟೀಚರಾಗಿದ್ದವಳು, ಈಗ ನಮ್ಮ ಜೊತೆಗೇ ಇದ್ದಾಳೆ. ದಾರಿ ಬದಿಯ ಗಿಡ, ಜರೀಗಿಡ, ಹೂವು ಕಂಡಲ್ಲಿ ನಿಂತು ಪೆನ್ಸಿಲಿನಲ್ಲಿ ಬಿಡಿಸುವುದು ಅವಳ ಅಭ್ಯಾಸ. ಆಮೇಲೆ ಕೈ ನಡುಗುವ ಕಾಯಿಲೆ ಬಂತು. ಚಹಾವನ್ನು ಅರ್ಧ ಲೋಟ ಮಾತ್ರ ಕೊಡಬೇಕು, ಇಲ್ಲದಿದ್ದರೆ ಸೀರೆಯ ಮೇಲೆ. ಹಿಂದಿನ ವರ್ಷ ಗೇಟಿನ ಬಳಿಯ ಕೇಪಳದ ಕೆಂಪು ಹೂಗೊಂಚಲೊಂದನ್ನು ಹೇಗೋ ಬಿಡಿಸಿ ಮುಗಿಸಿದ್ದಳು. ಅದಾದ ಮೇಲೆ ಪೆನ್ಸಿಲ್ ಮುಟ್ಟಿರಲಿಲ್ಲ.

ಪುತ್ತೂರಿನಲ್ಲಿ ಪ್ರಕೃತಿ ಚಿತ್ರಗಳ ಪ್ರದರ್ಶನ ಇದೆ ಎಂದು ತಿಳಿದದ್ದೇ ಅಕ್ಕನ ಮುಂದೆ ಭಾಷಣ ಬಿಗಿದೆ. ಗೆರೆ ನಿನ್ನದು, ಬಣ್ಣ ಮತ್ತು ಮುದ್ರಣ ನನ್ನದು, ಇಬ್ಬರ ಹೆಸರೂ ಕೆಳಗೆ. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆದರೆ ಮರುದಿನ ನನ್ನ ಹೆಂಡತಿ ಸುಮನಳ ಹತ್ತಿರ, ಪುತ್ತೂರಿಗೆ ಯಾವ ಸೀರೆ ಉಟ್ಟರೆ ಚೆಂದ ಎಂದು ಕೇಳಿದಳಂತೆ.

ಆ ಕೇಪಳವನ್ನು ಸ್ಕ್ಯಾನ್ ಮಾಡಿದರೆ ಅಕ್ಕನ ತೆಳು ಪೆನ್ಸಿಲ್ ಗೆರೆ ಬರಲೇ ಇಲ್ಲ. ತೆರೆಯ ಮೇಲೆ ಬರೀ ಮಂಜು. ಬೇರೆ ಯಾರಾದರೂ ಆಗಿದ್ದರೆ ತಿಳಿದವರನ್ನು ಕೇಳುತ್ತಿದ್ದರು. ತಿಳಿದವನು ನಾನೇ ಆಗಿದ್ದರಿಂದ ಪೆನ್ನು ತೆಗೆದು ಆ ಮೂಲ ಹಾಳೆಯ ಮೇಲೆಯೇ ಕಪ್ಪು ಶಾಯಿ ಎಳೆದೆ. ಗೆರೆ ನಡುಗಿದಲ್ಲೆಲ್ಲ ನೆಟ್ಟಗೆ ಮಾಡಿದೆ. ಶಾಯಿ ಒಣಗಿದ ಮೇಲೆ ಪೆನ್ಸಿಲ್ ಅಳಿಸಬೇಕು, ಇದು ನಾನು ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟ ಪಾಠ. ಅಳಿಸಿದೆ. ರಬ್ಬರಿನ ಪುಡಿಯನ್ನು ಊದಿಯೂ ಬಿಟ್ಟೆ.

ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಮುದ್ರಣದಂಗಡಿಗೆ ಒಯ್ದೆ. ಮೊದಲ ಪ್ರತಿಯಲ್ಲಿ ಕೇಪಳ ಗುಲಾಬಿ ಬಣ್ಣಕ್ಕೆ ತಿರುಗಿತು. ಮದುವೆ ಕಾಗದಕ್ಕಾದರೆ ಒಳ್ಳೆದುಂಟು ಎಂದು ಅಂಗಡಿಯವರು ಸಮಾಧಾನ ಹೇಳಿದರು. ಎರಡನೆಯದು ಹಂಚಿನ ಬಣ್ಣ. ಬಣ್ಣವನ್ನು ತಿದ್ದಿ ತಿದ್ದಿ ಕೊನೆಗೂ ಕೆಂಪು ಬರಿಸಿದೆ. ದಿಗ್ವಿಜಯ ಮುಗಿಸಿದವನ ಹಾಗೆ ಮನೆಗೆ ಬಂದು ಅಕ್ಕನ ಮುಂದೆ ಹಿಡಿದೆ.

ಅವಳು ಕನ್ನಡಕ ಹಾಕಿ ನೋಡಿದಳು.

"ಚೆಂದ ಉಂಟು. ಯಾರ ಚಿತ್ರ?"

"ನಿನ್ನದೇ ಅಕ್ಕ. ಗೇಟಿನ ಹತ್ರದ ಕೇಪಳ."

"ನಂದು ಎಲ್ಲುಂಟು?"

ಮೂಲ ಹಾಳೆ ತಂದುಕೊಟ್ಟೆ. ಅವಳು ಬೆರಳನ್ನು ಶಾಯಿಯ ಮೇಲೆ ಮೆಲ್ಲನೆ ಆಡಿಸಿದಳು. ಹಾಳೆಯೂ ಅವಳ ಕೈಯೊಂದಿಗೆ ಅದುರುತ್ತಿತ್ತು.

"ಈ ಎಸಳು ಬಿಡಿಸುವಾಗ ಎಡಗೈಯಲ್ಲಿ ಬಲಗೈಯನ್ನು ಹಿಡ್ಕೊಂಡಿದ್ದೆ. ಗೆರೆ ನಡುಗಿದ್ದು ಹೌದು. ಅಳಿಸಿದ್ದಾ ನೀನು?"

"ಅಳಿಸುವ ಕ್ರಮ ಉಂಟಲ್ಲ ಅಕ್ಕ," ಎಂದೆ. ಸುಮನ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಇನ್ನು ಅಕ್ಕ ಪುತ್ತೂರಿಗೆ ಬರುವುದಿಲ್ಲ ಅಂದುಕೊಂಡಿದ್ದೆ. ಆರಿಸಿಟ್ಟ ಸೀರೆ ಉಟ್ಟು ಬಂದಳು. ಪ್ರದರ್ಶನದಲ್ಲಿ ನಮ್ಮ ಕೇಪಳದ ಮುಂದೆ ಜನವೋ ಜನ! ಅಕ್ಕ ಬಲಗೈಯನ್ನು ಸೆರಗಿನೊಳಗೆ ಮರೆಮಾಡಿಕೊಂಡು ನಿಂತಿದ್ದಳು. ಅವಳ ಹಳೆಯ ವಿದ್ಯಾರ್ಥಿನಿಯೊಬ್ಬರು ಬಂದು, ಈ ಪ್ರಾಯದಲ್ಲೂ ಟೀಚರ ಕೈ ಎಷ್ಟು ಗಟ್ಟಿ ಎಂದು ಬೆರಗಾದರು.

"ಅದು ನನ್ನ ತಮ್ಮನ ಕೈ," ಎಂದಳು ಅಕ್ಕ.

ಆ ವಿದ್ಯಾರ್ಥಿನಿ ನನ್ನ ಕಡೆ ತಿರುಗಿ ಮನಸಾರೆ ಹೊಗಳಿದರು. ಬದುಕಿನಲ್ಲಿ ಮೊದಲ ಬಾರಿಗೆ ನನಗೆ ಹೊಗಳಿಕೆ ಬೇಡವಾಯಿತು. ಚಪ್ಪಲಿ ನೋಡುತ್ತಾ ನಿಂತೆ.

ಮರಳುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತಳು. ಸುಳ್ಯ ಬರುವ ಮೊದಲೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ನಿದ್ದೆಯಲ್ಲಿ ಅವಳ ಕೈ ನಡುಗುತ್ತಿರಲಿಲ್ಲ. ಅದನ್ನೇ ನೋಡುತ್ತಾ ಕೂತೆ. ಊರು ಬಂದರೂ ಎಬ್ಬಿಸಲು ಮನಸ್ಸಾಗಲಿಲ್ಲ, ಕಂಡಕ್ಟರೇ ಕೂಗಬೇಕಾಯಿತು.

ಮರುದಿನ ಬೆಳಿಗ್ಗೆ ಅವಳ ಮುಂದೆ ಹೊಸ ಹಾಳೆ, ಪೆನ್ಸಿಲ್ ಇಟ್ಟೆ. ನೀನು ಹೇಗೆ ಬಿಡಿಸಿದರೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಪೆನ್ಸಿಲ್ ಹಿಡಿದಳು. ಅದು ಹಾಳೆಗೆ ತಾಗಿತು, ಜಾರಿತು, ಮತ್ತೆ ತಾಗಿತು. ಒಂದು ಗೆರೆಯೂ ಕೂಡಿ ಬರಲಿಲ್ಲ. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಮೊನೆ ಸರಿ ಇಲ್ಲ ಇದರದ್ದು," ಎಂದಳು.

ಮೊನೆ ಸರಿಯಾಗಿಯೇ ಇತ್ತು. ಆದರೂ ಬ್ಲೇಡು ತಂದು ಕೆತ್ತಲು ಕೂತೆ. ಕಣ್ಣು ಮಂಜಾಗಿ ಕಾಣಿಸದೆ ಮೊನೆ ಮುರಿಯಿತು. ಮತ್ತೆ ಕೆತ್ತಿದೆ, ಮತ್ತೆ ಮುರಿಯಿತು. ಅಕ್ಕ ನೋಡುತ್ತಾ ಕೂತಿದ್ದಳು.

"ಮೆಲ್ಲ ಮಾಡು ಮಾರಾಯ. ನನಗೆಂತ ಅವಸರ ಉಂಟು?"

ಪೆನ್ಸಿಲ್ ಗಿಡ್ಡವಾಗುತ್ತಾ ಹೋಯಿತು, ಮೊನೆ ಮಾತ್ರ ನಿಲ್ಲಲಿಲ್ಲ. ಡ್ರಾಯಿಂಗ್ ಮಾಸ್ತರಾಗಿದ್ದವನಿಗೆ ಪೆನ್ಸಿಲ್ ಕೆತ್ತಲೂ ಬರುವುದಿಲ್ಲ ಎಂಬುದು ಅಂದು ಮನೆಯವರಿಗೆಲ್ಲ ಗೊತ್ತಾಯಿತು.